ಗೋವಿಂದಮ್ಮನ ಹಸಿವು

ಹಲಸೂರು
೧೨ ಫೆಬ್ರವರಿ ೧೯೪೬

ಮಗಳು ಆದಿಲಕ್ಷ್ಮಿಗೆ ಅಮ್ಮ ಬರೆಯುವುದು,

ಮೈಸೂರು ನಿನಗೆ ಹಿಡಿಸಿದೆ, ನರ್ಸ್ ಪಾಠ ಅರ್ಥವಾಗುತ್ತಿದೆ ಎಂದು ಬರೆದಿದ್ದೆ. ಸಂತೋಷ. ಇಲ್ಲಿ ನಿನ್ನ ಅಣ್ಣ ಅಂಜನಮೂರ್ತಿ ಕತ್ತಲಿರುವಾಗಲೇ ವಿಮಾನ ಕಾರ್ಖಾನೆಯ ಬಸ್ಸು ಹಿಡಿಯುತ್ತಾನೆ. ಅತ್ತಿಗೆ ಅಂಜಿನಮ್ಮ ನನ್ನ ಜೊತೆ ಇಡ್ಲಿ ಒಲೆಯ ಮುಂದೆ ಕೂರುತ್ತಾಳೆ. ಜಗಲಿಯ ವ್ಯಾಪಾರ ನಡೆಯುತ್ತಿದೆ. ಈಗ ವಿಷಯಕ್ಕೆ ಬರುತ್ತೇನೆ. ಮುಚ್ಚಿಟ್ಟರೆ ನೀನು ಬೇರೆಯವರ ಬಾಯಲ್ಲಿ ಕೇಳಿ ಅಳುತ್ತಾ ಕೂರುತ್ತೀಯ.

ನನ್ನ ಹೊಕ್ಕುಳ ಹತ್ತಿರದ ಗಂಟು ನಿನಗೆ ಗೊತ್ತಲ್ಲ. ನೀನು ಹೋಗುವಾಗ ನಿಂಬೆಹಣ್ಣಿನಷ್ಟಿತ್ತು. ಈಗ ಮೂಸಂಬಿಯಷ್ಟಾಗಿದೆ. ಕೆಮ್ಮಿದರೆ ಹೊರಗೆ ಬರುತ್ತದೆ, ಮಲಗಿ ಒತ್ತಿದರೆ ಒಳಗೆ ಹೋಗುತ್ತದೆ. ಹೋದ ವಾರ ಆಸ್ಪತ್ರೆಗೆ ಹೋಗಿ ತೋರಿಸಿದೆ. ದೊಡ್ಡ ಡಾಕ್ಟರ ಸುತ್ತ ಓದುವ ಹುಡುಗರು ನಿಂತಿದ್ದರು. ಅದರೊಳಗೆ ಇರುವುದು ಕರುಳಂತೆ. ಹರ್ನಿಯಾ ಅಂದರು. ಒಂದಲ್ಲ ಒಂದು ದಿನ ಹೊರಗೆ ಬಂದದ್ದು ಒಳಗೆ ಹೋಗದೆ ಸಿಕ್ಕಿಕೊಳ್ಳುತ್ತದೆ, ಆಗ ಜೀವಕ್ಕೇ ಅಪಾಯ ಅಂದರು. "ಹಂಗಾದ್ರೆ ಕೊಯ್ದು ಸರಿ ಮಾಡ್ಬಿಡಿ ಡಾಕ್ಟ್ರೇ" ಅಂದೆ.

ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಇನ್ನೂರ ನಲವತ್ತು ಪೌಂಡು. ಡಾಕ್ಟರು ಹುಡುಗರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು, ಎಲ್ಲರೂ ನಕ್ಕರು. ಆಮೇಲೆ ನನಗೆ ಕನ್ನಡದಲ್ಲಿ, "ಈ ಮೈಗೆ ಕ್ಲೋರೋಫಾರಂ ಕೊಟ್ರೆ ಮೇಜಿನ ಮೇಲೇ ಹೋಗ್ಬಿಡ್ತೀಯಮ್ಮ. ಅರವತ್ತು ಪೌಂಡು ಇಳಿಸ್ಕೊಂಡು ಬಾ. ನಿನ್ ಕೈಲಿ ಆಗಲ್ಲ, ಆದ್ರೂ ಹೇಳೋದು ನನ್ ಕೆಲಸ" ಅಂದರು.

ಕೆರೆ ಏರಿಯ ಮೇಲೆ ಕೂತು ಸುಧಾರಿಸಿಕೊಂಡು ಮನೆಗೆ ಬಂದೆ. ಅಳು ಬರಲಿಲ್ಲ, ಸಿಟ್ಟು ಬಂತು. ಪಡಿ ಅಂಗಡಿಯ ಸಾಲಿನಲ್ಲಿ ನಿಂತರೆ ಜನ ನನ್ನನ್ನು ನೋಡಿ, "ಇವಳಿಗೆ ಎರಡು ಕಾರ್ಡ್ ಐತಾ?" ಅಂತ ಪಿಸುಗುಟ್ಟುತ್ತಾರೆ. ಊರಿಗೆಲ್ಲ ಅಕ್ಕಿ ಸಾಲದ ಕಾಲದಲ್ಲಿ ದಪ್ಪಗಿರುವುದೂ ಒಂದು ಅಪರಾಧ. ನಾನು ತಿಂದಿದ್ದೇನೆ, ಇಲ್ಲ ಅನ್ನುವುದಿಲ್ಲ. ಒಲೆಯ ಮುಂದೆ ಕೂತವಳು ರುಚಿ ನೋಡುತ್ತಾಳೆ, ಉಳಿದದ್ದು ಹಳಸಬಾರದು ಅಂತ ತಿನ್ನುತ್ತಾಳೆ, ನಿಮ್ಮಪ್ಪ ಹೋದ ಮೇಲೆ ಹೊತ್ತು ಹೋಗದೆಯೂ ತಿಂದಿದ್ದಾಳೆ. ಯಾರ ಪಾಲನ್ನೂ ಕಿತ್ತು ತಿಂದಿಲ್ಲ.

ನಿನ್ನ ಪುಸ್ತಕದಲ್ಲಿ ಇದಕ್ಕೆ ಏನು ಹೇಳಿದೆ, ನೋಡಿ ಬರೆ. ಆಗಲ್ಲ ಅಂತ ಮಾತ್ರ ಬರೆಯಬೇಡ. ಅದನ್ನು ಹೇಳುವವರು ಇಲ್ಲೇ ಬೇಕಾದಷ್ಟು ಜನ ಇದ್ದಾರೆ.

ಇಳಿಸಿಯೇ ತೀರುವ
ನಿನ್ನ ಅಮ್ಮ
ಗೋವಿಂದಮ್ಮ

*

ಮೈಸೂರು
೨೪ ಫೆಬ್ರವರಿ ೧೯೪೬

ಅಮ್ಮನಿಗೆ,

ನಿನ್ನ ಕಾಗದ ಓದಿ ನನಗೂ ಸಿಟ್ಟು ಬಂತು. ಆಮೇಲೆ ಹೆದರಿಕೆಯಾಯಿತು. ಆ ಡಾಕ್ಟರು ನಕ್ಕದ್ದು ತಪ್ಪು, ಆದರೆ ಹೇಳಿದ ವಿಷಯ ಸುಳ್ಳಲ್ಲ. ಗಂಟು ಗಟ್ಟಿಯಾಗಿ, ಒತ್ತಿದರೂ ಒಳಗೆ ಹೋಗದೆ, ವಾಂತಿ ಶುರುವಾದರೆ ಒಂದು ಗಳಿಗೆಯೂ ಕಾಯಬಾರದು. ಈ ಮಾತನ್ನು ಅತ್ತಿಗೆಗೂ ಓದಿ ಹೇಳು.

ನಮ್ಮ ಸಿಸ್ಟರನ್ನು ಕೇಳಿದೆ. ಉಪವಾಸ ಮಾಡಬಾರದಂತೆ. ಉಪವಾಸ ಮಾಡಿದವರು ಆಮೇಲೆ ಅದರ ಎರಡರಷ್ಟು ತಿನ್ನುತ್ತಾರಂತೆ. ಹೊತ್ತುಹೊತ್ತಿಗೆ ತಿನ್ನು, ಕಡಿಮೆ ತಿನ್ನು. ಮುದ್ದೆ ಅರ್ಧ ಮಾಡಿ ಸೊಪ್ಪಿನ ಸಾರು ಜಾಸ್ತಿ ಹಾಕಿಕೋ. ಹುರುಳಿ ಕಟ್ಟು, ಮೂಲಂಗಿ, ಸೌತೆಕಾಯಿ, ಬೆಣ್ಣೆ ತೆಗೆದ ಮಜ್ಜಿಗೆ ಎಷ್ಟಾದರೂ ಸರಿ. ಬೋಂಡ, ಬೆಲ್ಲ, ಕೊಬ್ಬರಿ ಬೇಡ. ನಿಂತುಕೊಂಡು ತಿನ್ನಬೇಡ. ತಟ್ಟೆ ಹಾಕಿಕೊಂಡು ಕೂತೇ ತಿನ್ನು. ದಿನಾ ಸ್ವಲ್ಪ ನಡೆ. ಭಾರ ಎತ್ತಬೇಡ.

ನನ್ನ ಬಗ್ಗೆ ಯೋಚನೆ ಬೇಡ. ಹಾಸ್ಟೆಲಿನ ಊಟ ಚೆನ್ನಾಗಿದೆ. ನಿನ್ನೆ ಯಾಕೋ ನೀನು ಮಾಡುವ ಹಿತಕವರೆ ಸಾರು ನೆನಪಾಯಿತು. ರಾತ್ರಿಯೆಲ್ಲ ನೆನೆಸಿಟ್ಟ ಅವರೆಯನ್ನು ಬೆಳಿಗ್ಗೆ ನಾವಿಬ್ಬರೂ ಕೂತು ಹಿತುಕುತ್ತಿದ್ದೆವಲ್ಲ, ಬೇಳೆ ಚಿಮ್ಮಿ ಗೋಡೆಗೆ ಹೋಗಿ ಬೀಳುತ್ತಿತ್ತು. ಆ ಮಸಾಲೆ ಅರೆಯುವಾಗಿನ ವಾಸನೆ ಇಲ್ಲಿ ಓದುತ್ತಾ ಕೂತರೂ ಮೂಗಿಗೆ ಬರುತ್ತದೆ.

ನಿನ್ನ ಕೈಲಿ ಆಗುತ್ತದೆ ಅಮ್ಮ.

ನಿನ್ನ
ಆದಿ

*

ಹಲಸೂರು
೨೧ ಏಪ್ರಿಲ್ ೧೯೪೬

ಆದಿ,

ಕಾಗದ ತಡವಾಯಿತು ಅಂತ ಬೈಯಬೇಡ. ಹಸಿವಿನ ಜೊತೆ ಜಗಳವಾಡುವುದರಲ್ಲೇ ದಿನ ಮುಗಿಯುತ್ತಿದೆ.

ಹಸಿವು ಅಂದರೆ ಒಂದೇ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅಲ್ಲ. ಬೆಳಿಗ್ಗೆ ಕೆಲಸದ ಗಡಿಬಿಡಿಯಲ್ಲಿ ಅದು ಬರುವುದೇ ಇಲ್ಲ. ವ್ಯಾಪಾರ ಮುಗಿದು, ತಪ್ಪಲೆಯಲ್ಲಿ ನಾಲ್ಕು ಇಡ್ಲಿ ಉಳಿದಾಗ ಬರುವುದು ಹಸಿವಲ್ಲ, ಅಭ್ಯಾಸ. ಅದನ್ನು ಗದರಿಸಿದರೆ ಹೋಗುತ್ತದೆ. ಸಂಜೆ ಬೋಂಡದ ಎಣ್ಣೆ ಕಾಯುವ ಹೊತ್ತಿಗೆ ಬರುವುದು ನಿಜವಾದದ್ದು. ಕೈಕಾಲು ನಡುಗುತ್ತವೆ, ಯಾರು ಏನು ಕೇಳಿದರೂ ಸಿಡುಕುತ್ತೇನೆ. ಹೋದ ತಿಂಗಳು ಒಬ್ಬ ಸೋಲ್ಜರ್ "ಇನ್ನೊಂದು ಬೋಂಡ ಹಾಕಮ್ಮ" ಅಂದದ್ದಕ್ಕೆ, "ನಿಂಗೆಷ್ಟು ಹೊಟ್ಟೆಯಪ್ಪಾ!" ಅಂತ ಕಿರುಚಿಬಿಟ್ಟೆ. ಅಂಜಿನಮ್ಮ ನನ್ನನ್ನು ಎಬ್ಬಿಸಿ ಒಳಗೆ ಕಳಿಸಿದಳು. ಅವತ್ತಿನಿಂದ ಸಂಜೆ ಎಣ್ಣೆಯ ಮುಂದೆ ಅವಳೇ ಕೂರುತ್ತಾಳೆ. ನಾನು ಆ ಹೊತ್ತಿಗೆ ಮಜ್ಜಿಗೆ ಕುಡಿದು ನಡೆಯಲು ಹೋಗುತ್ತೇನೆ.

ಮೊದಲು ಸೋಮೇಶ್ವರನ ಗುಡಿಯವರೆಗೆ ಹೋಗಿ ಬರುವುದರಲ್ಲೇ ಏದುಸಿರು. ಈಗ ಕೆರೆ ಏರಿಯ ಆ ತುದಿಯವರೆಗೆ ಹೋಗುತ್ತೇನೆ. ಬೀದಿಯ ಮಕ್ಕಳು ಹಿಂದೆಯೇ ಬಂದು "ಆನೆ ಬಂತೊಂದಾನೆ" ಅಂತ ಕೂಗುತ್ತಿದ್ದವು. ಒಂದು ದಿನ ತಿರುಗಿ ನಿಂತು, "ಹೂಂ, ಆನೆಗೆ ದಾರಿ ಬಿಡ್ರೋ" ಅಂದೆ. ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟವು.

ರವಿಕೆ ಹೊಲಿಯುವ ಕಮರುನ್ನೀಸಾ ನಿನಗೆ ನೆನಪಿದ್ದಾಳಲ್ಲ, ಜಟಕಾ ಕರೀಮನ ಹೆಂಡತಿ. ನನ್ನ ರವಿಕೆಗಳನ್ನೆಲ್ಲ ಒಳಗೆ ಹಿಡಿದು ಹೊಲಿಯಲು ಕೊಟ್ಟಾಗ ಅವಳಿಗೆ ವಿಷಯ ಹೇಳಬೇಕಾಯಿತು. ಅವಳು ನಗಲಿಲ್ಲ. "ಅರೇ ಗೋವಿಂದಮ್ಮಾ, ಹಸಿವು ಹಠ ಮಾಡೋ ಮಗು ಇದ್ದಂಗೆ. ಮೊದ್ಲು ಜೋರಾಗಿ ಅಳುತ್ತೆ. ಓಡೋಗಿ ಎತ್ಕೊಂಡ್ರೆ ದಿನಾ ಅಳುತ್ತೆ. ಬಿಟ್ಬಿಡು, ಅತ್ತು ಅತ್ತು ಮಲಗುತ್ತೆ. ರಂಜಾನಲ್ಲಿ ಎಷ್ಟು ವರ್ಷದಿಂದ ನೋಡ್ತಿದೀನಿ" ಅಂದಳು. "ನಿಮ್ದು ಸಂಜೆಗೆ ಮುಗಿಯುತ್ತಲ್ಲಮ್ಮ" ಅಂದೆ. "ಅದು ಹೌದು. ನಮ್ಗೆ ಸಂಜೆ ಖರ್ಜೂರ ಕಾಯ್ತಿರುತ್ತೆ. ನಿಂಗೇನಿದೆ?" ಅಂತ ಕೇಳಿದಳು. "ನಂಗೆ ಆ ಡಾಕ್ಟ್ರು ನಕ್ಕಿದ್ದು ಇದೆ" ಅಂದೆ.

ಯುಗಾದಿಯ ದಿನ ಸೋತೆ. ಒಬ್ಬಟ್ಟು ಒಂದೇ ಅಂತ ಹೇಳಿ ಎಲೆಯ ಮುಂದೆ ಒಂದೇ ತಿಂದೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಡುಗೆಮನೆಯಲ್ಲಿ ನಿಂತುಕೊಂಡೇ ಎಷ್ಟು ತಿಂದೆನೋ, ಲೆಕ್ಕ ಇಡಲಿಲ್ಲ. ಮಾರನೆಯ ದಿನ ಎಲ್ಲ ಬಿಟ್ಟುಬಿಡೋಣ ಅನ್ನಿಸಿತು. ಆಮೇಲೆ ಯೋಚಿಸಿದೆ. ನಡೆಯುವಾಗ ಒಮ್ಮೆ ಎಡವಿದೆ ಅಂತ ಯಾರಾದರೂ ದಾರಿಯಲ್ಲೇ ಮಲಗಿಬಿಡುತ್ತಾರೆಯೇ? ಬೆಳಿಗ್ಗೆ ಎದ್ದು ಹುರುಳಿ ನೆನೆಸಿದೆ.

ಆಸ್ಪತ್ರೆಯ ಯಂತ್ರ ನನಗೆ ಬೇಕಿಲ್ಲ. ಸೌದೆ ಡಿಪೋದ ಆದಿನಾರಾಯಣ ತನ್ನ ದೊಡ್ಡ ತಕ್ಕಡಿಯಲ್ಲಿ ತೂಗಿಕೊಡುತ್ತಾನೆ. ಆ ಕಡೆ ಬೊಡ್ಡೆಗಳು, ಈ ಕಡೆ ನಾನು. ಇಪ್ಪತ್ತು ಪೌಂಡಿಗಿಂತ ಜಾಸ್ತಿ ಇಳಿದಿದ್ದೇನೆ.

ಇನ್ನೂ ಹಸಿದಿರುವ
ಅಮ್ಮ

*

ಹಲಸೂರು
೯ ಜೂನ್ ೧೯೪೬

ಆದಿ,

ನಿನ್ನೆ ನಮ್ಮ ಬೀದಿಯಲ್ಲಿ ನಡೆದದ್ದನ್ನು ನಾನೇ ಬರೆಯುತ್ತೇನೆ. ಬೇರೆಯವರು ಉಪ್ಪು ಖಾರ ಹಚ್ಚಿ ಬರೆಯುವ ಮೊದಲು ನಿನಗೆ ತಲುಪಲಿ.

ನಾನು ಇಳಿದದ್ದು ಈಗ ಎಲ್ಲರ ಕಣ್ಣಿಗೂ ಬೀಳುತ್ತಿದೆ. ಕೆನ್ನೆ ಇಳಿಬಿದ್ದಿದೆ, ತೋಳಿನ ಚರ್ಮ ಜೋತಾಡುತ್ತದೆ. ಬೀದಿ ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಂಡರಂತೆ, ಸೊಸೆ ಅತ್ತೆಯ ಪಡಿ ಅಕ್ಕಿಯನ್ನೂ ತಾನೇ ತಿಂದು ಅವಳನ್ನು ಉಪವಾಸ ಕೆಡವಿದ್ದಾಳೆ ಅಂತ. ಅಂಜಿನಮ್ಮ ಅದನ್ನು ಕೇಳಿಸಿಕೊಂಡು ಬಂದರೂ ನನಗೆ ಹೇಳಲಿಲ್ಲ. ಸುದ್ದಿ ಹೊರಮಾವಿನ ನಿನ್ನ ದೊಡ್ಡಪ್ಪನವರೆಗೂ ಹೋಯಿತು. ನಿನ್ನೆ ಮಧ್ಯಾಹ್ನ ದೊಡ್ಡಪ್ಪ ಚಿಕ್ಕಮುನಿಯಪ್ಪನವರೇ ಗಾಡಿ ಕಟ್ಟಿಸಿಕೊಂಡು, ಒಂದು ಮೂಟೆ ರಾಗಿ, ಒಂದು ಕೋಳಿ ಹಾಕಿಕೊಂಡು ಬಂದು ಬೀದಿಯಲ್ಲೇ ನಿಂತರು.

"ನನ್ ತಮ್ಮನ ಹೆಂಡ್ರು ಹೊಟ್ಟೆಗಿಲ್ದೆ ಒಣಗ್ತಾವ್ಳೆ ಅಂತ ಊರೆಲ್ಲ ಮಾತಾಡ್ತಾ ಐತೆ. ನಾನಿನ್ನೂ ಸತ್ತಿಲ್ಲ! ಎಲ್ಲವ್ಳೆ ಆ ಸೊಸೆ?" ಅಂತ ಕೂಗಿದರು. ಅಂಜಿನಮ್ಮ ಒಳಗೆ ಹೋಗಿ ಬಾಗಿಲ ಹಿಂದೆ ಕೂತು ಅಳತೊಡಗಿದಳು.

ನಾನು ಜಗಲಿಯ ಮೇಲೆ ಹೋಗಿ ನಿಂತೆ. ಮದುವೆಯಾಗಿ ಬಂದ ಮೇಲೆ ನಿನ್ನ ದೊಡ್ಡಪ್ಪನ ಮುಂದೆ ನಾನು ದನಿ ಎತ್ತಿದ್ದೇ ಇಲ್ಲ.

"ಭಾವ, ನನ್ನ ಯಾರೂ ಉಪವಾಸ ಕೆಡವಿಲ್ಲ. ನಾನೇ ಬಿಟ್ಟಿದೀನಿ."

"ಯಾಕೆ ಬಿಟ್ಟೆ?"

"ಬದುಕ್ಬೇಕು ಅಂತ."

ಗಂಟಿನ ವಿಷಯ, ಡಾಕ್ಟರು ಹೇಳಿದ್ದು, ಎಲ್ಲ ಹೇಳಿದೆ. ಅವರಿಗೆ ತಲೆಗೆ ಹೋಗಲಿಲ್ಲ. "ದೊಡ್ಡ ಬರದಾಗೆ ನಮ್ಮವ್ವ ನನ್ನ ಹೊಟ್ಟೇಲಿಟ್ಕೊಂಡು ಕಾಡಿನ ಗೆಡ್ಡೆ ಅಗೆದು ತಿಂದ್ಲು. ತಿನ್ನೋಕಿಲ್ದೆ ಸತ್ತೋರ ಮನೆತನ ನಮ್ದು. ಇರೋ ಅನ್ನ ತಳ್ತೀನಿ ಅಂತೀಯಲ್ಲ, ನಿಂಗೆ ಏನ್ ಬಂದೈತೆ?" ಅಂದರು. ಅವರ ಕಣ್ಣಲ್ಲಿ ನೀರಿತ್ತು ಆದಿ. ಕೆಟ್ಟ ಮನುಷ್ಯರಲ್ಲ. ಆದರೆ ಅವರ ಕಣ್ಣೀರಿಗೆ ಅಂತ ನಾನು ಉಂಡು ಸಾಯುವುದಕ್ಕಾಗುತ್ತದೆಯೇ?

ಕೊನೆಗೆ, "ನನ್ ಮನೇಲಿ ಬಡಿಸಿದ್ದನ್ನ ಬ್ಯಾಡ ಅನ್ನದೆ ಉಣ್ಣಂಗಿದ್ರೆ ಬಾ. ಇಲ್ದಿದ್ರೆ ಹೊರಮಾವಿನ ದಾರಿ ಮರ್ತುಬಿಡು" ಅಂದು ಗಾಡಿ ಹತ್ತಿದರು. ರಾಗಿ, ಕೋಳಿ ಎರಡನ್ನೂ ಇಳಿಸಿಯೇ ಹೋದರು.

ಬೀದಿಯ ಹೆಂಗಸರೆಲ್ಲ ನಿಂತಿದ್ದರು. ಅಷ್ಟು ಜನ ಮತ್ತೆ ಸಿಗುವುದಿಲ್ಲ ಅಂತ ನಾನೂ ಹೇಳಿಬಿಟ್ಟೆ. "ಎಲ್ರೂ ಕೇಳಿಸ್ಕೊಳ್ಳಿ. ನನ್ ಸೊಸೆ ದಿನಾ ಬಡಿಸ್ತಾಳೆ, ತಟ್ಟೆ ತಳ್ಳೋಳು ನಾನು. ಇನ್ಮೇಲೆ ಅವಳ ಹೆಸರೆತ್ತಿದೋರ ಮನೆಗೆ ಬೆಳಿಗ್ಗೆ ಇಡ್ಲಿ ಇಲ್ಲ."

ಇವತ್ತು ಬೆಳಿಗ್ಗೆ ಎಲ್ಲರೂ ಪಾತ್ರೆ ಹಿಡಿದು ಬಂದರು.

ಅಮ್ಮ

*

ಮೈಸೂರು
೨೦ ಜೂನ್ ೧೯೪೬

ಅಮ್ಮ,

ನೀನು ಜಗಲಿಯ ಮೇಲೆ ನಿಂತು ಹೇಳಿದ್ದನ್ನು ನನ್ನ ಪಕ್ಕದ ಮಂಚದ ಫಹ್ಮಿದಾಗೆ ಓದಿ ಹೇಳಿದೆ. ಅವಳೂ ನಮ್ಮ ಹಲಸೂರಿನ ಕಡೆಯವಳೇ. ಇನ್ನೊಂದು ಸಲ ಓದು ಅಂತ ಓದಿಸಿಕೊಂಡಳು.

ದೊಡ್ಡಪ್ಪ ತಂದ ಕೋಳಿ ಏನು ಮಾಡಿದಿರಿ? ಸಾರು ಮಾಡಿದಿರಾ? ಮೆಣಸು ಹುರಿದು ಹಾಕಿದಿರಾ, ಬರೀ ಒಣಮೆಣಸಿನಕಾಯಿಯಾ? ಅತ್ತಿಗೆ ಮುದ್ದೆ ಚೆನ್ನಾಗಿ ಕಟ್ಟುತ್ತಾಳೆ. ಬಿಸಿ ಇತ್ತಾ? ಸಾರಿನ ಮೇಲೆ ಎಣ್ಣೆ ತೇಲುತ್ತಿತ್ತಾ? ಅಣ್ಣನಿಗೆ ಕಾಲಿನ ತುಂಡು ಹಾಕಿರುತ್ತೀಯ. ಉಳಿದದ್ದನ್ನು ಮಾರನೆಯ ದಿನ ಬೆಳಿಗ್ಗೆ ಕಾಯಿಸಿದರೆ ಇನ್ನೂ ರುಚಿಯಾಗಿರುತ್ತದೆ.

ನನಗೆ ಇತ್ತೀಚೆಗೆ ರಾತ್ರಿ ಪಾಳಿ. ಸ್ವಲ್ಪ ತಲೆ ಸುತ್ತುತ್ತದೆ, ನಿದ್ದೆ ಕೆಟ್ಟಿದ್ದಕ್ಕೆ ಇರಬೇಕು. ಬೇರೇನೂ ಇಲ್ಲ.

ಆದಿ

*

ಹಲಸೂರು
೨೬ ಜೂನ್ ೧೯೪೬

ಆದಿಲಕ್ಷ್ಮಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಆಮೇಲೆ ನಿನ್ನ ಹಳೆಯ ಕಾಗದಗಳನ್ನೂ ತೆಗೆದು ಓದಿದೆ.

ಹೊಟ್ಟೆ ತುಂಬಿದವರು ಮುದ್ದೆ ಬಿಸಿ ಇತ್ತಾ ಅಂತ ಕೇಳುವುದಿಲ್ಲ. ಸಾರಿನ ಮೇಲೆ ಎಣ್ಣೆ ತೇಲುತ್ತಿತ್ತಾ ಅಂತ ಕೇಳುವುದಿಲ್ಲ. ಹೋದ ವರ್ಷವಾಗಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ, ಮಗಳು ಮನೆ ನೆನೆಸಿಕೊಳ್ಳುತ್ತಿದ್ದಾಳೆ ಅಂತ ಸುಮ್ಮನಿರುತ್ತಿದ್ದೆ. ಈಗ ನನಗೂ ಕಣ್ಣು ಮುಚ್ಚಿದರೆ ತಪ್ಪಲೆಗಳೇ ಕಾಣುವುದು. ಹಸಿದವರು ಹೇಗೆ ಯೋಚಿಸುತ್ತಾರೆ ಅಂತ ಈಗ ನನಗೆ ಚೆನ್ನಾಗಿ ಗೊತ್ತು. ಹಾಸ್ಟೆಲಿನಲ್ಲಿ ನಿನಗೆ ಊಟ ಸಾಲುತ್ತಿಲ್ಲ. ಇಲ್ಲ ಅಂತ ಬರೆಯಬೇಡ, ನಂಬುವುದಿಲ್ಲ.

ಯಾಕೆ ಮುಚ್ಚಿಟ್ಟೆ ಅಂತಲೂ ಗೊತ್ತು. ನರ್ಸ್ ಕೆಲಸ ಬೇಡ, ಮನೆಗೆ ಬಾ ಅನ್ನಲು ನಿನ್ನ ದೊಡ್ಡಪ್ಪನಿಗೆ ಒಂದು ನೆವ ಸಿಕ್ಕಿಬಿಡುತ್ತದೆ ಅಂತ. ನಾನು ಅವರಿಗೆ ಹೇಳುವುದಿಲ್ಲ. ಆದರೆ ನೀನು ಸುಮ್ಮನಿರಬಾರದು. ನನ್ನ ಹಸಿವನ್ನು ನಾನೇ ಬೇಕು ಅಂತ ಇಟ್ಟುಕೊಂಡಿದ್ದೇನೆ. ಬೇಡ ಅಂದ ದಿನ ಎದ್ದು ಹೋಗಿ ಉಣ್ಣಬಲ್ಲೆ. ನಿನ್ನದನ್ನು ಬೇರೆ ಯಾರೋ ನಿನ್ನ ತಲೆಗೆ ಕಟ್ಟಿದ್ದಾರೆ. ಅಮ್ಮ ತಡೆದುಕೊಳ್ಳುತ್ತಿದ್ದಾಳೆ, ನಾನೂ ತಡೆದುಕೊಳ್ಳುತ್ತೇನೆ ಅಂತ ಏನಾದರೂ ಅಂದುಕೊಂಡಿದ್ದರೆ ಬಂದು ಕೆನ್ನೆಗೆ ಬಾರಿಸುತ್ತೇನೆ. ಇಪ್ಪತ್ತು ವರ್ಷದವಳು ರಾತ್ರಿಯೆಲ್ಲ ನಿಂತು ರೋಗಿಗಳನ್ನು ನೋಡಬೇಕು. ನೀನು ಉಣ್ಣಬೇಕು.

ರಾಗಿ ಹುರಿಹಿಟ್ಟು, ಕಡಲೆಕಾಯಿ ಉಂಡೆ ಕಳಿಸಿದ್ದೇನೆ. ಇದು ಎಷ್ಟು ದಿನಕ್ಕೆ ಬಂದೀತು? ಹೋಗಿ ಕೇಳು. ಒಬ್ಬಳೇ ಹೋಗಬೇಡ, ಎಲ್ಲರನ್ನೂ ಕರೆದುಕೊಂಡು ಹೋಗು.

ಅಮ್ಮ

*

ಮೈಸೂರು
೧೧ ಆಗಸ್ಟ್ ೧೯೪೬

ಅಮ್ಮ,

ನಿನ್ನ ಕಾಗದ ಬಂದ ದಿನ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಈಗ ಬರೆಯಬಹುದು.

ನಿಜ. ರಾತ್ರಿ ಪಾಳಿಯವರಿಗೆ ತಳದಲ್ಲಿ ಉಳಿದ ಗಂಜಿ ಮಾತ್ರ ಸಿಗುತ್ತಿತ್ತು, ಕೆಲವು ದಿನ ಅದೂ ಇಲ್ಲ. ಪಡಿ ಕಡಿಮೆಯಾಗಿದೆ ಅಂತ ಅಡುಗೆಯವನು ಹೇಳುತ್ತಿದ್ದ. ಯುದ್ಧ ಮುಗಿದರೂ ಎಲ್ಲೆಡೆ ಹಾಗೇ ಅಂತ ನಾವೂ ನಂಬಿದ್ದೆವು. ಇಬ್ಬರು ಹುಡುಗಿಯರು ವಾರ್ಡಿನಲ್ಲೇ ತಲೆ ತಿರುಗಿ ಬಿದ್ದಿದ್ದರು.

ಒಬ್ಬಳೇ ಹೋಗಬೇಡ ಅಂದೆಯಲ್ಲ. ಫಹ್ಮಿದಾಗೆ ಹೇಳಿದೆ, ಅವಳು ಉಳಿದವರಿಗೆ ಹೇಳಿದಳು. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದವರೆಲ್ಲ ನಮ್ಮ ನಮ್ಮ ತಟ್ಟೆ ಹಿಡಿದುಕೊಂಡು ಮೇಟ್ರನ್ ಕೋಣೆಗೆ ಹೋದೆವು. ನಾನು ನನ್ನ ತಟ್ಟೆಯನ್ನು ಅವರ ಮೇಜಿನ ಮೇಲಿಟ್ಟೆ. "ಮೇಡಂ, ಇದನ್ನ ನೀವು ಊಟ ಮಾಡಿ ತೋರಿಸಿ. ಆಮೇಲೆ ನಾವು ಮಾಡ್ತೀವಿ" ಅಂದೆ. ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡರು. ನುಂಗಲು ಆಗಲಿಲ್ಲ. ಎದ್ದು ನೇರವಾಗಿ ಉಗ್ರಾಣಕ್ಕೆ ಹೋದರು. ಪಡಿ ಬರುತ್ತಲೇ ಇತ್ತು ಅಮ್ಮ, ಹಿಂದಿನ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಅಡುಗೆಯವನು ಈಗ ಕೆಲಸದಲ್ಲಿಲ್ಲ.

ಫಹ್ಮಿದಾ ರಂಜಾನಿನ ರೋಜಾ ಇದ್ದಾಳೆ, ಹಗಲೆಲ್ಲ ಉಪವಾಸ. ಈಗ ಸಂಜೆ ಅವಳಿಗೆ ಬಿಸಿ ಊಟ ಎತ್ತಿಡುತ್ತಾರೆ. ನಾನು ಹೊಟ್ಟೆ ತುಂಬಾ ಉಣ್ಣುತ್ತಿದ್ದೇನೆ. ಈ ಸಲ ನಂಬು. ನೋಡು, ಈ ಕಾಗದದಲ್ಲಿ ಯಾವ ಸಾರಿನ ಸುದ್ದಿಯನ್ನೂ ಕೇಳಿಲ್ಲ.

ನಿನ್ನ ಮಗಳು
ಆದಿ

*

ಹಲಸೂರು
೨೦ ಸೆಪ್ಟೆಂಬರ್ ೧೯೪೬

ಆದಿಗೆ ಅತ್ತಿಗೆ ಅಂಜಿನಮ್ಮ ಬರೆಯುವುದು,

ತಂತಿ ಸಿಕ್ಕಿರಬೇಕು. ನೀನು ಹೊರಡುವುದು ತಡವಾದರೆ ಅಂತ ಇದನ್ನೂ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ. ಅತ್ತೆ ಬದುಕಿದ್ದಾರೆ. ಮೊದಲು ಅದನ್ನು ಓದಿಕೋ.

ನಿನ್ನೆ ಮಾವನವರಿಗೆ ಪಿತೃಪಕ್ಷದ ಎಡೆ ಇತ್ತು. ದೊಡ್ಡಮಾವ ಹೊರಮಾವಿನಿಂದ ಬಂದಿದ್ದರು. ತಮ್ಮನ ಎಡೆಗೆ ಬರದೆ ಇರಲಾರರು, ಆದರೆ ಅತ್ತೆಯ ಜೊತೆ ಮಾತಿಲ್ಲ. ನಾನು ಬೇಡ ಅಂದರೂ ಕೇಳದೆ ಅತ್ತೆ ನೀರಿನ ಹಂಡೆ ಎತ್ತಿದರು. ಅಲ್ಲೇ ಕುಸಿದರು. ಗಂಟು ಕಲ್ಲಿನ ಹಾಗೆ ಆಗಿತ್ತು. ಒತ್ತಿದರೆ ಕಿರುಚಿದರು. ವಾಂತಿ ಶುರುವಾಯಿತು. ನೀನು ಫೆಬ್ರವರಿಯಲ್ಲಿ ಬರೆದದ್ದನ್ನು ಅತ್ತೆ ನನಗೆ ಓದಿ ಹೇಳಿದ್ದರು. ಅದೇ ಇದು ಅಂತ ಗೊತ್ತಾಯಿತು.

ದೊಡ್ಡಮಾವ ಬಾಗಿಲಿಗೆ ಅಡ್ಡ ನಿಂತರು. "ಉಪವಾಸ ಬಿದ್ದು ಸವೆದಿರೋ ಮೈಯಮ್ಮ. ಇದಕ್ಕೆ ಕತ್ತಿ ಹಾಕ್ಸಿದ್ರೆ ಉಳಿಯಲ್ಲ. ಬಾಣಸವಾಡಿಯಿಂದ ನಾಟಿ ವೈದ್ಯನ್ನ ಕರೆಸ್ತೀನಿ" ಅಂದರು. ಇವರು ಕಾರ್ಖಾನೆಯಲ್ಲಿದ್ದರು. ಮನೆಯಲ್ಲಿ ನಾನೊಬ್ಬಳೇ. ನನಗೆ ದೊಡ್ಡಮಾವನ ಮುಖ ನೋಡಿ ಮಾತಾಡಿ ಅಭ್ಯಾಸವಿಲ್ಲ. ಆದರೂ, "ದೊಡ್ಡಮಾವ, ಅವತ್ತು ಅತ್ತೆ ನನ್ನ ಹೆಸ್ರು ಉಳಿಸಿದ್ರು. ಇವತ್ತು ನೀವು ದಾರಿ ಬಿಡ್ಲೇಬೇಕು" ಅಂದೆ. ಅವರು ಬಿಡಲಿಲ್ಲ. ನಾನು ಹಿತ್ತಲ ಬಾಗಿಲಿನಿಂದ ಓಡಿಹೋಗಿ ಕಮರುನ್ನೀಸಾ ಅವರನ್ನು ಕೂಗಿದೆ. ಕರೀಂ ಸಾಹೇಬರು ಜಟಕಾ ತಂದು ಹಿತ್ತಲಿಗೇ ನಿಲ್ಲಿಸಿದರು. ಮೂವರೂ ಸೇರಿ ಅತ್ತೆಯನ್ನು ಎತ್ತಿ ಮಲಗಿಸಿದೆವು. ಹೋದ ವರ್ಷದ ಅತ್ತೆಯಾಗಿದ್ದರೆ ಮೂವರ ಕೈಲಿ ಆಗುತ್ತಿರಲಿಲ್ಲ.

ಮೈ ಇಳಿದಿದ್ದರಿಂದ ಕ್ಲೋರೋಫಾರಂ ಕೊಟ್ಟು ಆಪರೇಷನ್ ಮಾಡಿದರು. ಕರುಳು ಕಪ್ಪಾಗುವುದರಲ್ಲಿತ್ತಂತೆ, ಇನ್ನೂ ಕೆಟ್ಟಿರಲಿಲ್ಲವಂತೆ. ದೊಡ್ಡಮಾವ ಹಿಂದೆಯೇ ನಡೆದುಕೊಂಡು ಬಂದು ಆಸ್ಪತ್ರೆಯ ಮರದ ಕೆಳಗೆ ಕೂತಿದ್ದಾರೆ. ನಿನ್ನೆಯಿಂದ ಏನೂ ತಿಂದಿಲ್ಲ.

ಬೇಗ ಬಾ.

ಅಂಜಿನಮ್ಮ

*

ಹಲಸೂರು
೩ ನವೆಂಬರ್ ೧೯೪೬

ಆದಿ,

ನೀನು ರೈಲು ಹತ್ತಿದ ಮೇಲೂ ನನ್ನನ್ನು ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ಈಗ ಮನೆಗೆ ಬಂದು ಎದ್ದು ಓಡಾಡುತ್ತಿದ್ದೇನೆ. ನೀನು ನನ್ನ ಮೈ ತೊಳೆಯುವಾಗ ನಿನ್ನ ದೊಡ್ಡಪ್ಪ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದರಲ್ಲ. ಆಮೇಲೆ ನಿನ್ನ ಹತ್ತಿರ ಬಂದು ಏನು ಹೇಳಿದರು ಅಂತ ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇರಲಿ.

ದೊಡ್ಡ ಡಾಕ್ಟರು ಒಂದು ದಿನ ಹುಡುಗರನ್ನು ಕರೆದುಕೊಂಡು ಬಂದರು. ಇಂಗ್ಲಿಷಿನಲ್ಲಿ ಏನೋ ಹೇಳಿದರು. ಈ ಸಲ ಯಾರೂ ನಗಲಿಲ್ಲ. "ಹೇಗಮ್ಮ ಇಳಿಸ್ದೆ?" ಅಂತ ನನ್ನನ್ನು ಕೇಳಿದರು. "ಹಸ್ಕೊಂಡು" ಅಂದೆ. "ಇನ್ನೂ ಇಳಿಸ್ಬೇಕು" ಅಂದರು. "ಗೊತ್ತು. ನೀವ್ ಹೇಳ್ಬೇಕಾಗಿಲ್ಲ" ಅಂದೆ. ಅವರು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು.

ಈಗಿನದೇ ಕಷ್ಟ. ನೋಡಲು ಬಂದವರೆಲ್ಲ, "ಆಪರೇಷನ್ ಆಯ್ತಲ್ಲ, ಇನ್ನೇನು, ತಿನ್ನಮ್ಮ" ಅನ್ನುತ್ತಾರೆ. ಗಂಟು ಹೋಯಿತು, ಡಾಕ್ಟರ ಮೇಲಿನ ಸಿಟ್ಟೂ ಹೋಯಿತು. ಹಸಿವು ಮಾತ್ರ ಹೋಗಿಲ್ಲ. ಸಂಜೆ ಎಣ್ಣೆಯ ವಾಸನೆಗೆ ಸರಿಯಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ಮೊದಲ ವಾರ, ಇನ್ನು ಯಾರಿಗೋಸ್ಕರ ಇದೆಲ್ಲ ಅಂತ ಅನ್ನಿಸಿದ್ದು ನಿಜ.

ಹೋದ ಶುಕ್ರವಾರ ಕಮರುನ್ನೀಸಾ ಜೊತೆ ನಿಧಾನವಾಗಿ ಕೆರೆಯ ಆಚೆ ದಡಕ್ಕೆ ಹೋದೆ. ಅಲ್ಲಿಂದ ನಮ್ಮ ಬೀದಿ ಹೇಗೆ ಕಾಣುತ್ತದೆ ಅಂತ ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮಪ್ಪ ತೋರಿಸಿದ್ದರು. ಆಮೇಲೆ ನೋಡಿರಲಿಲ್ಲ. ಈ ಕಾಲುಗಳು ನನ್ನನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತವೆ ಆದಿ. ಅವನ್ನು ನಾನು ಮತ್ತೆ ಬಿಟ್ಟುಕೊಡುವುದಿಲ್ಲ. ಹಸಿವು ಬೇಕಾದರೆ ಜೊತೆಗೆ ಬರಲಿ.

ಅಮ್ಮ

*

ಹಲಸೂರು
೧೬ ಫೆಬ್ರವರಿ ೧೯೪೭

ಆದಿ,

ದೊಡ್ಡಪ್ಪನ ಮೊಮ್ಮಗಳ ಮದುವೆ ಮೊನ್ನೆ ಹೊರಮಾವಿನಲ್ಲಿ ಆಯಿತು. ಲಗ್ನಪತ್ರಿಕೆ ನಿನ್ನ ಅಣ್ಣನ ಹೆಸರಿಗೆ ಬಂತು. ನನ್ನನ್ನು ಕರೆಯಲೂ ಇಲ್ಲ, ಬರಬೇಡ ಅನ್ನಲೂ ಇಲ್ಲ. ಅಂಜನಮೂರ್ತಿ, "ಸುಮ್ನೆ ಯಾಕಮ್ಮ, ಅಲ್ಲಿ ಎಲ್ರ ಮುಂದೆ ರಂಪ ಆಗುತ್ತೆ" ಅಂದ. "ಆದ್ರೆ ಆಗ್ಲಿ" ಅಂದೆ. ಅವನು ಗಂಡಸರ ಜೊತೆ ಹಿಂದಿನ ದಿನವೇ ಹೋಗಿದ್ದ. ನಾನೂ ಅಂಜಿನಮ್ಮನೂ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಬೈಯಪ್ಪನಹಳ್ಳಿ, ಬಾಣಸವಾಡಿ ದಾಟಿ ನಡೆದೇ ಹೋದೆವು. ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡೆವು. ಎರಡೂ ಸಲ ಕೂರೋಣ ಅಂದವಳು ಅಂಜಿನಮ್ಮ.

ಚಪ್ಪರದಲ್ಲಿ ಎಲ್ಲರೂ ನನ್ನ ಕಡೆಗೇ ತಿರುಗಿದರು. ಕೆಲವರಿಗೆ ಗುರುತೇ ಸಿಗಲಿಲ್ಲ. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಹಾಕಿದೆ. ಊಟಕ್ಕೆ ಎಲೆ ಹಾಕಿದಾಗ ಮೊದಲ ಪಂಕ್ತಿಯಲ್ಲೇ ಹೋಗಿ ಕೂತೆ.

ಒಬ್ಬಟ್ಟಿನ ಬುಟ್ಟಿ ಹಿಡಿದು ನಿನ್ನ ದೊಡ್ಡಪ್ಪನೇ ಬಂದರು. ನನ್ನ ಮುಖ ನೋಡದೆ ಒಂದು ಹಾಕಿದರು, ಮೇಲೆ ತುಪ್ಪ ಬಡಿಸಿದರು. ನಿಧಾನವಾಗಿ ತಿಂದೆ. ಬಹಳ ಚೆನ್ನಾಗಿತ್ತು, ಚೂರೂ ಬಿಡಲಿಲ್ಲ. ಪಂಕ್ತಿ ಸುತ್ತಿ ಅವರು ಮತ್ತೆ ಬಂದರು. ಎರಡನೆಯದನ್ನು ಎತ್ತಿ ಹಿಡಿದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

"ಕೈ ತೆಗಿಯಮ್ಮ."

"ತೆಗಿಯಲ್ಲ ಭಾವ."

ಒಬ್ಬಟ್ಟಿನ ತುಪ್ಪ ನನ್ನ ಮುಂಗೈ ಮೇಲೆ ತೊಟ್ಟಿಕ್ಕಿತು. ಪಂಕ್ತಿಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಅವರು ಬಗ್ಗಿ ನಿಂತಲ್ಲಿಯೇ ನಿಂತಿದ್ದರು. ಎಪ್ಪತ್ತರ ಮನುಷ್ಯ. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಹೊಟ್ಟೆ ತುಂಬ್ತೇನಮ್ಮ?" ಅಂದರು.

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಪ್ರೀತಿಯಿಂದ ಕೇಳಿದವರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಇಲ್ಲ ಭಾವ, ತುಂಬಿಲ್ಲ. ಆದ್ರೂ ಸಾಕು."

ಅವರು ನನ್ನನ್ನು ನೋಡಿದರು. ನಾನೂ ನೋಡಿದೆ, ಕೈ ತೆಗೆಯಲಿಲ್ಲ. ಆಮೇಲೆ ಅವರು ಪಕ್ಕದ ಎಲೆಗೆ ಹೋದರು. ಅದು ಅಂಜಿನಮ್ಮನದು. ಅವಳಿಗೆ ಎರಡು ಒಬ್ಬಟ್ಟು ಹಾಕಿ, ತುಪ್ಪದ ಗಿಂಡಿಯನ್ನೇ ಬಗ್ಗಿಸಿದರು. "ಉಣ್ಣು ತಾಯಿ" ಅಂದರು.

ಹೊರಡುವಾಗ ಗಾಡಿ ಕಟ್ಟಿಸುತ್ತೇನೆ ಅಂದರು. ಬೇಡ, ನಡೆದೇ ಹೋಗ್ತೀವಿ ಅಂದೆ. ಊರ ಬಾಗಿಲವರೆಗೂ ಜೊತೆಗೆ ಬಂದರು.

ಬಾಣಸವಾಡಿಯ ತೋಪಿನ ಹತ್ತಿರ ಬರುವಷ್ಟರಲ್ಲಿ ನನಗೆ ಹಸಿವಾಯಿತು. ಜೋರಾಗಿ ನಗು ಬಂತು. ಅಂಜಿನಮ್ಮ, "ಯಾಕತ್ತೆ, ಏನಾಯ್ತು?" ಅಂದಳು.

"ಏನಿಲ್ಲ, ನಡಿ" ಅಂದೆ.

ಅಮ್ಮ